ಆನೆ ಸೀಮೆಯಿಂದ ಕೊಂಡುಕುರಿ ಸೀಮೆಗೆ

ದಾವಣಗೆರೆ ಎಂದರೆ ಬೆಣ್ಣೆದೋಸೆ, ಮಂಡಕ್ಕಿ ಭಟ್ಟಿ, ಒಂದು ಕಾಲದ ಹತ್ತಿ ಗಿರಣಿಗಳು ಎಂದಷ್ಟೇ ಬಲ್ಲವರಿಗೆ ಈ ಮಾತು ಹೇಳಿದರೆ ನಂಬುವುದಿಲ್ಲ. ಇದೇ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಸುತ್ತಿನ ಕಾಡಿಗೆ ಭದ್ರಾ ಕಡೆಯಿಂದ ಆನೆ ಬಂದು ಹೋಗುತ್ತದೆ. ಪೂರ್ವದ ಅಂಚಿನಲ್ಲಿ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಗುಡ್ಡಗಳಲ್ಲಿ, ನಾಲ್ಕು ಕೊಂಬಿನ ಕೊಂಡುಕುರಿ ಹುಲ್ಲಿನ ಮರೆಯಲ್ಲಿ ಅಡಗಿ ನಿಂತಿರುತ್ತದೆ. ಬೆಳಿಗ್ಗೆ ಒಂದು ಕಡೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ಇನ್ನೊಂದು ಕಡೆ ತಲುಪಬಹುದಾದ ದಾರಿಯಲ್ಲಿ ನೆಲ, ಮಳೆ, ಮರ, ಪ್ರಾಣಿ ಎಲ್ಲವೂ ಬದಲಾಗುತ್ತವೆ. ಬದಲಾಗದೆ ಉಳಿಯುವುದು ಮಕ್ಕಳ ಪಠ್ಯಪುಸ್ತಕ ಮಾತ್ರ.

ಆ ಪುಸ್ತಕದ ಪಕ್ಕಕ್ಕೆ ಇನ್ನೊಂದು ಪುಸ್ತಕ ಇಡುವುದು ಸಾಧ್ಯವೇ ಎಂಬ ಪ್ರಶ್ನೆ ಹಿಡಿದು ನಾವು ಹೊರಟಿದ್ದು. ಪ್ರೌಢಶಾಲೆ ಮಕ್ಕಳಿಗೆ ಅರಣ್ಯಶಾಸ್ತ್ರದ ಒಂದು ಸಣ್ಣ ಕೋರ್ಸ್ ಹೇಗಿರಬೇಕು, ಅದಕ್ಕೆ ಅಂಕ ಕೊಡುವ ಬಗೆ ಯಾವುದು ಎಂದು ಒಂದು ಕರಡು ಬರೆಯುವ ಆಸೆ. ಜೊತೆಗೆ ಬಂದವರು ಜೀವಶಾಸ್ತ್ರದ ನಿವೃತ್ತ ಮೇಷ್ಟ್ರು, ನನಗಿಂತ ಹಿರಿಯರು. ಅವರ ಜೋಳಿಗೆಯಲ್ಲಿ ಒಂದು ಅಳತೆ ಟೇಪು, ಒಂದು ಸುರುಳಿ ಸುತಳಿ, ಖಾಲಿ ನೀರಿನ ಬಾಟಲಿಗಳು. ಕಾಲ ಫೆಬ್ರವರಿ. ಮುತ್ತುಗ ಹೂ ಬಿಡುವ ಹೊತ್ತು, ಕಾಡಿಗೆ ಬೆಂಕಿ ಬೀಳುವ ಹೊತ್ತು, ಶಾಲೆಗಳಲ್ಲಿ ಹತ್ತನೆಯವರಿಗೆ ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತು.

ನಮ್ಮಲ್ಲಿ ಅರಣ್ಯಶಾಸ್ತ್ರ ಕಲಿಯಬೇಕೆಂದರೆ ಪಿಯುಸಿ ಮುಗಿಸಿ ಶಿರಸಿಗೋ ಪೊನ್ನಂಪೇಟೆಗೋ ಹೋಗಿ ಪದವಿಗೆ ಸೇರಬೇಕು. ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದ ವೃತ್ತಿಶಿಕ್ಷಣದ ವಿಷಯಗಳಿವೆ: ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್, ರೀಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಹೀಗೆ. ಕಾಡಿನಂಚಿನ ಹಳ್ಳಿಯ ಹುಡುಗಿ ಶಾಲೆಯಲ್ಲಿ ಫೇಶಿಯಲ್ ಮಾಡುವುದು ಕಲಿಯಬಹುದು, ಮನೆ ಹಿಂದಿನ ಮತ್ತಿ ಮರದ ವಯಸ್ಸು ಅಂದಾಜು ಮಾಡುವುದು ಕಲಿಯುವಂತಿಲ್ಲ. ಫೇಶಿಯಲ್ ಬೇಡವೆಂದಲ್ಲ. ಮತ್ತಿಯೂ ಇರಲಿ ಎಂದಷ್ಟೇ.

ಚನ್ನಗಿರಿಯಿಂದ ದಕ್ಷಿಣಕ್ಕೆ ಇಳಿದಂತೆ ಅಡಿಕೆ ತೋಟಗಳು ಒಂದಾದ ಮೇಲೊಂದು ಎದುರಾದವು. ಈ ತಾಲ್ಲೂಕಿನಲ್ಲಿ ಅಡಿಕೆಯೇ ಬ್ಯಾಂಕು, ಅಡಿಕೆಯೇ ಮದುವೆ ಮಾತುಕತೆ. ಅಡಿಕೆ ಬೆಳೆಗಾರರ ಸಹಕಾರ ಸಂಘ ‘ತುಮ್ಕೋಸ್’ನಲ್ಲಿ ಇವತ್ತು ರಾಶಿ ಅಡಿಕೆಗೆ ಎಷ್ಟು ಎಂಬುದು ಹೋಟೆಲಿನ ಮೊದಲ ಪ್ರಶ್ನೆ. ತೋಟ ಮುಗಿದ ಕಡೆ ತಟ್ಟನೆ ಕಾಡು. ಎಲೆ ಉದುರಿಸಿ ನಿಂತ ತೇಗ, ನುಣ್ಣನೆ ಬಿಳಿಗಾಂಡದ ದಿಂಡಿಗ, ಮೊಸಳೆ ಚರ್ಮದಂತೆ ಬಿರಿದ ತೊಗಟೆಯ ಮತ್ತಿ. ಅವುಗಳ ನಡುವೆ ಒಂದೂ ಎಲೆಯಿಲ್ಲದೆ ಮೈತುಂಬ ಕೆಂಡದ ಬಣ್ಣದ ಹೂ ಹೊತ್ತ ಮುತ್ತುಗ. ಮೇಷ್ಟ್ರು ಕಾರಿನಿಂದ ಇಳಿದವರು ಮಾತೇ ಆಡಲಿಲ್ಲ. ಮೂವತ್ತು ವರ್ಷ ‘ಪತನಶೀಲ ಕಾಡು’ ಎಂದು ಬೋರ್ಡಿನ ಮೇಲೆ ಬರೆದ ಮನುಷ್ಯ, ಉದುರಿದ ಎಲೆಯ ಮೇಲೆ ಕಾಲಿಡುತ್ತ ಅದರ ಸದ್ದು ಕೇಳುತ್ತಿದ್ದರು.

ನಮಗೆ ದಾರಿ ತೋರಿಸಲು ಬಂದಿದ್ದವರು ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿ ದುಡಿದ ಹಿರಿಯರು. ಈ ಭಾಗದ ಕಾಡು ಆಡಳಿತಕ್ಕೆ ಭದ್ರಾವತಿ ಅರಣ್ಯ ವಿಭಾಗಕ್ಕೆ ಸೇರುತ್ತದೆ. ಜಿಲ್ಲೆ ದಾವಣಗೆರೆ, ಕಾಡಿನ ಕಾಗದಪತ್ರ ಭದ್ರಾವತಿ. ಅವರು ದೊಡ್ಡದೊಂದು ಮರದ ಬುಡದಲ್ಲಿ ನಿಂತು ಹಳೆಯ ಗಾಯವೊಂದನ್ನು ತೋರಿಸಿದರು. ಗಾಯದ ಬಾಯಲ್ಲಿ ಕಪ್ಪುಗೆಂಪು ಬಣ್ಣದ ಅಂಟು ಹೆಪ್ಪುಗಟ್ಟಿತ್ತು.

“ಹೊನ್ನೆ ಸರ್. ಗೀರಿದ್ರೆ ರಕ್ತ ಬರ್ತತಿ. ನಮ್ ಹುಡುಗ್ರು ಚಿಕ್ಕೋರಿದ್ದಾಗ ಇದನ್ನ ನೋಡಿ ಹೆದರ್ತಿದ್ವು” ಎಂದು ನಕ್ಕರು. ಆಮೇಲೆ ಮನೆಗೆ ಕರೆದೊಯ್ದು ಟೀ ಕೊಟ್ಟರು. ಅದಕ್ಕಿಂತ ಮೊದಲು ಒಂದು ಗಾಜಿನ ಲೋಟದಲ್ಲಿ ನೀರು ಹಾಕಿ, ಹೊನ್ನೆಯ ಚೇಗಿನ ಚೂರೆರಡನ್ನು ಅದರಲ್ಲಿ ಬಿಟ್ಟು, ಅಂಗಳದ ಕಟ್ಟೆಯ ಮೇಲಿಟ್ಟರು. ಟೀ ಮುಗಿಯುವ ಹೊತ್ತಿಗೆ ನೀರು ತಿಳಿಯಾದ ಚಹಾದ ಬಣ್ಣಕ್ಕೆ ಬಂದಿತ್ತು. “ಈಗ ಬಿಸಿಲಿಗೆ ಹಿಡೀರಿ” ಎಂದರು. ಹಿಡಿದೆ. ಲೋಟದ ಅಂಚಿನಲ್ಲಿ ನೀಲಿ! ನೆರಳಿಗೆ ತಂದರೆ ಕಂದು, ಬಿಸಿಲಿಗೆ ಒಡ್ಡಿದರೆ ಆಕಾಶನೀಲಿಯ ಹೊಳಪು. ಹೊನ್ನೆ ಮರದ ಲೋಟದಲ್ಲಿ ನೀರು ಕುಡಿದರೆ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಮಾರುವವರನ್ನು ಸಂತೆಯಲ್ಲಿ ಕಂಡಿದ್ದೆ. ಈ ನೀಲಿಯನ್ನು ಕಂಡಿರಲಿಲ್ಲ. ಮೇಷ್ಟ್ರು ಅಲ್ಲೇ ನೋಟುಪುಸ್ತಕ ತೆಗೆದು ಬರೆದುಕೊಂಡರು: ಪ್ರಾಯೋಗಿಕ ಪರೀಕ್ಷೆ, ಮೊದಲ ಪ್ರಶ್ನೆ. ಮೇಜಿನ ಮೇಲೆ ಐದು ಲೋಟ, ಐದು ಚೂರು. ಯಾವುದು ಹೊನ್ನೆ? ಹೇಗೆ ಗೊತ್ತಾಯಿತು?

ಆ ‘ಹೇಗೆ ಗೊತ್ತಾಯಿತು’ ಎಂಬುದರಲ್ಲೇ ಇಡೀ ಕೋರ್ಸ್ ಅಡಗಿದೆ ಎಂದು ನನಗನ್ನಿಸುತ್ತದೆ. ಮರದ ಹೆಸರು ಹೇಳಿದರೆ ಒಂದು ಅಂಕ. ತೊಗಟೆ ಮುಟ್ಟಿ, ಎಲೆ ಹೊಸಕಿ ಮೂಸಿ, ಕಾಯಿ ನೋಡಿ, ಹೆಸರಿಗೆ ಬಂದ ದಾರಿ ಹೇಳಿದರೆ ನಾಲ್ಕು ಅಂಕ. ಬಾಯಿಪಾಠಕ್ಕೆ ಕಾಡಿನಲ್ಲಿ ಬೆಲೆಯಿಲ್ಲ. ಫೆಬ್ರವರಿಯಲ್ಲಿ ಅರ್ಧ ಮರಗಳಿಗೆ ಎಲೆಯೇ ಇರುವುದಿಲ್ಲವಲ್ಲ! ಎಲೆಯ ಚಿತ್ರ ನೋಡಿ ಕಲಿತ ಮಗು ಆಗ ಏನು ಮಾಡಬೇಕು? ತೊಗಟೆಗೇ ಹೋಗಬೇಕು. ಮತ್ತಿಯ ಆ ದಪ್ಪ ತೊಗಟೆ ಬೆಂಕಿಯಿಂದ ಮರವನ್ನು ಕಾಯುವ ಕವಚ ಎಂಬುದು ಆಗ ತಾನಾಗಿ ತಿಳಿಯುತ್ತದೆ, ಏಕೆಂದರೆ ಸುಟ್ಟ ಕರಿ ಅದರ ಬುಡದಲ್ಲೇ ಕಾಣುತ್ತಿರುತ್ತದೆ.

ಕಾಡಿನ ಬದಿಯ ಹಳ್ಳಿಯ ಶಾಲೆಯ ಕೆಲವು ಮಕ್ಕಳನ್ನು ಅವರ ಶಿಕ್ಷಕಿಯೇ ಜೊತೆಗಿದ್ದು ರಸ್ತೆ ಬದಿಯ ಮರಗಳವರೆಗೆ ಕರೆತಂದಿದ್ದರು. ಒಳಗೆ ಹೋಗುವ ಮಾತೇ ಇಲ್ಲ. ಆನೆ ಓಡಾಡುವ ಸೀಮೆಯಲ್ಲಿ ಕೋರ್ಸಿನ ಮೊದಲ ಪಾಠ ಸುರಕ್ಷತೆಯದು: ವಲಯ ಅರಣ್ಯಾಧಿಕಾರಿಯ ಅನುಮತಿ, ತಂದೆತಾಯಿಯ ಒಪ್ಪಿಗೆ ಪತ್ರ, ಇಲಾಖೆಯ ಸಿಬ್ಬಂದಿ ಜೊತೆಗೆ, ಬೆಳಿಗ್ಗೆ ಬಿಸಿಲೇರಿದ ಮೇಲೆ ಒಳಗೆ, ಮಧ್ಯಾಹ್ನಕ್ಕೆ ಹೊರಗೆ. ಇಷ್ಟನ್ನು ಬರೆಯದ ಪಠ್ಯಕ್ರಮವನ್ನು ಯಾವ ಮುಖ್ಯೋಪಾಧ್ಯಾಯರೂ ಕೈಯಲ್ಲಿ ಹಿಡಿಯುವುದಿಲ್ಲ, ಹಿಡಿಯಲೂ ಬಾರದು.

ರಸ್ತೆ ಬದಿಯಲ್ಲೇ ಆದ ಪಾಠ ಸಾಕಷ್ಟಿತ್ತು. ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯುವುದು ಅರಣ್ಯ ಇಲಾಖೆಯವರ ಕ್ರಮ; ಹಳೆಯ ಲೆಕ್ಕದಲ್ಲಿ ನಾಲ್ಕೂವರೆ ಅಡಿ, ಎದೆಮಟ್ಟ. ಎದೆಮಟ್ಟ ಎಂದರೆ ಯಾರ ಎದೆ? ಎಂಟನೇ ತರಗತಿಯ ಹುಡುಗಿಯೊಬ್ಬಳು ಮೊದಲು ಸುತಳಿಯನ್ನು ತನ್ನ ಮೈಗೆ ಹಿಡಿದು ನೋಡಿದಳು. 1.37 ಮೀಟರ್ ಅವಳ ಗಲ್ಲದ ಹತ್ತಿರ ಬಂತು. ಅಲ್ಲಿಗೊಂದು ಗಂಟು ಹಾಕಿದಳು. ಆ ಗಂಟು ಮರದ ಮೇಲೆ ಎಲ್ಲಿ ಬೀಳುತ್ತದೋ ಅಲ್ಲಿ ಸೀಮೆಸುಣ್ಣದ ಗೆರೆ. ಗೆರೆಯ ಮೇಲೆ ಟೇಪು. ಇಬ್ಬರು ಎರಡು ಸಲ ಅಳೆದರು, ಎರಡು ಸಲವೂ ಬೇರೆ ಬೇರೆ ಬಂತು. ಟೇಪು ಹಿಂದುಗಡೆ ಜಾರಿತ್ತು. ಮೂರನೇ ಸಲಕ್ಕೆ ಒಬ್ಬಳು ಹಿಂದೆ ಹೋಗಿ ಟೇಪು ಹಿಡಿದು ನಿಂತಳು.

ಎತ್ತರಕ್ಕೆ ಮೇಷ್ಟ್ರು ಇನ್ನೊಂದು ಉಪಾಯ ತೋರಿಸಿದರು. ಕಣ್ಣಿನಿಂದ ಮುಷ್ಟಿಯವರೆಗಿನ ತೋಳಿನ ಉದ್ದಕ್ಕೆ ಸಮನಾದ ಕೋಲನ್ನು ಮುಷ್ಟಿಯ ಮೇಲೆ ನೆಟ್ಟಗೆ ಹಿಡಿದು, ಕೋಲಿನ ಬುಡ ಮರದ ಬುಡಕ್ಕೂ ಕೋಲಿನ ತುದಿ ಮರದ ತುದಿಗೂ ಕೂಡುವವರೆಗೆ ಹಿಂದೆ ಹಿಂದೆ ಸರಿಯುವುದು. ಕೂಡಿದ ಕಡೆ ನಿಂತು, ಅಲ್ಲಿಂದ ಮರಕ್ಕಿರುವ ದೂರ ಅಳೆದರೆ ಅದೇ ಮರದ ಎತ್ತರ. “ಸರ್, ಇದು ಸಮರೂಪ ತ್ರಿಭುಜ ಅಲ್ವಾ?” ಎಂದು ಕೇಳಿದವನು ಹತ್ತನೆಯ ಹುಡುಗ. ಪೂರ್ವಸಿದ್ಧತಾ ಪರೀಕ್ಷೆಯ ಓದಿನ ನಡುವೆ ತಪ್ಪಿಸಿಕೊಂಡು ಬಂದಿದ್ದನಂತೆ. ಗಣಿತದ ಒಂದು ಅಧ್ಯಾಯ ಅವನೆದುರು ದಿಂಡಿಗದ ಮರವಾಗಿ ನಿಂತಿತ್ತು. ಅವನ ಮುಖ ನೋಡಿದ ಮೇಲೆ, ಈ ಕೋರ್ಸಿನಿಂದ ಬೇರೆ ವಿಷಯಗಳ ಓದಿಗೆ ಹೊಡೆತ ಎಂಬ ಆಕ್ಷೇಪಕ್ಕೆ ಉತ್ತರ ಹುಡುಕುವುದನ್ನು ನಾನು ಬಿಟ್ಟೆ.

ಉತ್ತರಕ್ಕೆ ತಿರುಗಿ ಸೂಳೆಕೆರೆಗೆ ಬಂದೆವು. ಸರ್ಕಾರಿ ಕಾಗದದಲ್ಲಿ ಶಾಂತಿಸಾಗರ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಗೆ ಒಂದು ಗಿಡ್ಡ ಏರಿ ಹಾಕಿ ಇಷ್ಟು ನೀರು ನಿಲ್ಲಿಸಿದ್ದಾರೆ ಎಂಬುದನ್ನು ಏರಿಯ ಮೇಲೆ ನಿಂತಾಗಲೂ ಮನಸ್ಸು ಒಪ್ಪುವುದಿಲ್ಲ. ಕಣ್ಣು ಹಾಯಿಸಿದಷ್ಟು ದೂರ ನೀರು. ಬೆನ್ನ ಹಿಂದೆ ಸಿದ್ಧನಾಲೆ, ಬಸವನಾಲೆಗಳ ಗದ್ದೆ ತೋಟ. ಶತಮಾನಗಳ ಹಿಂದೆ ಶಾಂತವ್ವೆ ಎಂಬಾಕೆ ಕಟ್ಟಿಸಿದಳೆಂದು ಜನ ಹೇಳುವ ಈ ಕೆರೆಯ ನೀರು ಇವತ್ತು ಚಿತ್ರದುರ್ಗದ ನಲ್ಲಿಗಳವರೆಗೆ ಹೋಗುತ್ತದೆ. ಇಲ್ಲಿಂದ ಹರಿದು ಹೋಗುವ ಹರಿದ್ರಾ ಹಳ್ಳ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ.

ಅರಣ್ಯದ ಕೋರ್ಸಿಗೆ ಕೆರೆಯೇಕೆ ಎಂದರೆ, ಕೆರೆಯ ಹೊಟ್ಟೆಯಲ್ಲಿರುವ ಹೂಳು ಮೇಲಿನ ಗುಡ್ಡದ ಕಥೆ ಹೇಳುತ್ತದೆ. ಮೇಷ್ಟ್ರ ಜೋಳಿಗೆಯ ಖಾಲಿ ಬಾಟಲಿಗಳ ಗುಟ್ಟು ಇಲ್ಲಿ ಹೊರಬಿತ್ತು. ಜೂನ್ ಕೊನೆಯ ಒಂದು ಜೋರು ಮಳೆಯ ಮರುದಿನ ಮಕ್ಕಳು ಮೂರು ಬಾಟಲಿ ನೀರು ತುಂಬಬೇಕು: ಕಾಡಿನ ಹಳ್ಳದ್ದೊಂದು, ಮೆಕ್ಕೆಜೋಳದ ಹೊಲದ ಬಸಿಗಾಲುವೆಯದೊಂದು, ಹೊಸದಾಗಿ ಮಣ್ಣು ಕೆದರಿದ ರಸ್ತೆಬದಿಯದೊಂದು. ಮೂರನ್ನೂ ತರಗತಿಯ ಕಿಟಕಿಯಲ್ಲಿ ಒಂದು ದಿನ ಅಲುಗಿಸದೆ ಇಟ್ಟು, ತಳದಲ್ಲಿ ಕೂತ ಮಣ್ಣನ್ನು ಸ್ಕೇಲಿನಿಂದ ಅಳೆಯಬೇಕು. ಮಣ್ಣಿನ ಸವಕಳಿ ಎಂದರೇನು, ಐದು ವಾಕ್ಯಗಳಲ್ಲಿ ಬರೆಯಿರಿ ಎಂಬ ಪ್ರಶ್ನೆಯನ್ನು ಇನ್ನು ಮೇಲೆ ಯಾರೂ ಕೇಳಬೇಕಿಲ್ಲ.

ಹೊನ್ನಾಳಿಗೆ ಹೋಗುವಾಗ ಸ್ವಲ್ಪ ಸುತ್ತಾದರೂ ಹೊದಿಗೆರೆಯನ್ನು ನೋಡಿಕೊಂಡೇ ಹೋದೆವು. ಶಿವಾಜಿಯ ತಂದೆ ಶಹಾಜಿಯ ಸಮಾಧಿ ಇರುವ ಊರು. 1664ರಲ್ಲಿ ಇಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ಅವನು ಸತ್ತ. ಇತಿಹಾಸದ ಮೇಷ್ಟ್ರು ಇಲ್ಲಿಗೆ ನಿಲ್ಲಿಸುತ್ತಾರೆ. ಅರಣ್ಯದ ಮೇಷ್ಟ್ರು ಇಲ್ಲಿಂದ ಶುರು ಮಾಡಬೇಕು: ಬೇಟೆಗೆ ಬಂದಿದ್ದ ಎಂದರೆ ಬೇಟೆಯ ಪ್ರಾಣಿ ಇತ್ತು, ಪ್ರಾಣಿ ಇತ್ತೆಂದರೆ ಅದಕ್ಕೆ ಮರೆಯೂ ಮೇವೂ ಇತ್ತು. ಈಗ ಆ ಸಮಾಧಿಯ ಸುತ್ತ ನಿಂತು ಮಕ್ಕಳು ಏನೇನು ಕಾಣುತ್ತದೆಂದು ನಕ್ಷೆ ಬರೆಯಲಿ. ಆಮೇಲೆ ಊರಿನ ಅಜ್ಜ ಅಜ್ಜಿಯರನ್ನು ಕೇಳಿ ಅವರ ಬಾಲ್ಯದ ನಕ್ಷೆಯನ್ನೂ ಬರೆಯಲಿ. ಎರಡು ನಕ್ಷೆಗಳ ನಡುವಿನ ವ್ಯತ್ಯಾಸವೇ ಒಂದು ಪ್ರಾಜೆಕ್ಟು.

ಹೊನ್ನಾಳಿಯಲ್ಲಿ ಕಾಡು ಕಡಿಮೆ. ತುಂಗಭದ್ರೆ ಊರಿನ ಮಗ್ಗುಲಲ್ಲೇ ಹರಿಯುತ್ತದೆ. ಫೆಬ್ರವರಿಯಾದ್ದರಿಂದ ಬಂಡೆಗಳು ಮೇಲೆದ್ದಿದ್ದವು. ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರಿ ಬಂದ ನೀರು ಇದು. ದಂಡೆಯ ಹೊಳೆಮತ್ತಿಗಳ ಬೇರು ಮಣ್ಣನ್ನು ಬಿಗಿಯಾಗಿ ಹಿಡಿದಿರುವ ಕಡೆ ದಂಡೆ ಗಟ್ಟಿ. ಮರ ಹೋದ ಕಡೆ ದಂಡೆ ಕುಸಿದು ಹೊಳೆಯೊಳಗೆ ಬಿದ್ದಿದೆ. ಮಗುವಿಗೆ ವಿವರಿಸಿ ಹೇಳುವ ಅಗತ್ಯವೇ ಇಲ್ಲ, ನೂರು ಹೆಜ್ಜೆ ನಡೆಸಿದರೆ ಸಾಕು.

ಆದರೆ ಈ ತಾಲ್ಲೂಕಿನ ಅರಣ್ಯ ಪಾಠ ನಡೆಯಬೇಕಾದದ್ದು ಹೊಲದ ಬದುವಿನ ಮೇಲೆ. ಬದುವಿನ ಹೊಂಗೆ, ಬೇವು, ಹುಣಸೆ, ಹೊಸದಾಗಿ ಬಂದ ಹೆಬ್ಬೇವು, ಅಲ್ಲಲ್ಲಿ ಬೇಲಿಯೊಳಗೆ ಶ್ರೀಗಂಧ. 2001ರಲ್ಲಿ ಕಾಯ್ದೆ ತಿದ್ದುಪಡಿಯಾಗುವವರೆಗೆ ಸ್ವಂತ ಹೊಲದಲ್ಲಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ ಆಗಿತ್ತು. ಸಸಿ ಕಂಡರೆ ರೈತ ಕಿತ್ತೆಸೆಯುತ್ತಿದ್ದ. ಒಂದು ಕಾನೂನು ಮರದ ಹಣೆಬರಹ ಬದಲಿಸುವುದು ಸಮಾಜವಿಜ್ಞಾನದ ಪಾಠ. ಗಂಧದ ಸಸಿಯ ಪಕ್ಕದಲ್ಲಿ ತೊಗರಿ ಹಾಕುವುದು ಜೀವವಿಜ್ಞಾನದ್ದು. ಗಂಧ ಅರೆಪರಾವಲಂಬಿ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ಊರಿ ನೀರು, ಸತ್ವ ಹೀರಿಕೊಂಡೇ ಅದು ಬೆಳೆಯಬೇಕು. ತೊಗರಿ ಸಾಲಿನ ನಡುವೆ ನಿಂತಿದ್ದ ರೈತರೊಬ್ಬರಿಗೆ ಇದನ್ನು ಮೇಷ್ಟ್ರು ವಿವರಿಸಲು ಹೊರಟರು. “ಗೊತ್ತದ ತಗಳ್ರಿ ಸರ್. ಅದುಕ್ಕೆ ಅಲ್ವಾ ತೊಗ್ರಿ ಹಾಕಿರದು” ಎಂದರು ಅವರು. ಕೋರ್ಸಿಗೆ ಅತಿಥಿ ಉಪನ್ಯಾಸಕರು ಎಲ್ಲಿ ಸಿಗುತ್ತಾರೆಂಬ ಚಿಂತೆ ಅಲ್ಲಿಗೆ ತೀರಿತು.

ಅಂಕಗಳ ಬಗ್ಗೆ ನಮ್ಮ ತಲೆಯಲ್ಲಿದ್ದ ಗೋಜಲು ಬಿಡಿಸಿದ್ದೂ ಹೊನ್ನಾಳಿಯೇ. ಆ ರೈತರು ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಸಿ ತಂದವರು. 2011-12ರಿಂದ ನಡೆದಿರುವ ಈ ಯೋಜನೆಯಲ್ಲಿ ನರ್ಸರಿಯಿಂದ ಕಡಿಮೆ ದರಕ್ಕೆ ಸಸಿ ಕೊಡುತ್ತಾರೆ. ಆಮೇಲೆ ಪ್ರೋತ್ಸಾಹಧನ: ಬದುಕಿರುವ ಪ್ರತಿ ಸಸಿಗೆ ಮೊದಲ ವರ್ಷದ ಕೊನೆಗೆ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125. ನೆಟ್ಟದ್ದಕ್ಕೆ ದುಡ್ಡಿಲ್ಲ, ಉಳಿಸಿದ್ದಕ್ಕೆ ಇದೆ. ವರ್ಷ ಕಳೆದಂತೆ ದುಡ್ಡು ಹೆಚ್ಚುತ್ತದೆ. ಮೂರು ವರ್ಷ! ಎಂಟು, ಒಂಬತ್ತು, ಹತ್ತು. ಪ್ರೌಢಶಾಲೆಯೂ ಮೂರೇ ವರ್ಷ. ಎಂಟಕ್ಕೆ ಸೇರಿದ ಮಗು ನೆಟ್ಟ ಸಸಿ, ಆ ಮಗು ಎಸ್ಸೆಸ್ಸೆಲ್ಸಿ ಬರೆಯುವ ಹೊತ್ತಿಗೆ ಮೂರನೇ ಎಣಿಕೆಗೆ ಬಂದಿರುತ್ತದೆ. ಪರೀಕ್ಷಾ ಪದ್ಧತಿಯೊಂದು ಇಷ್ಟು ಅಚ್ಚುಕಟ್ಟಾಗಿ ಸರ್ಕಾರದ ಬೇರೊಂದು ಇಲಾಖೆಯ ಕಪಾಟಿನಲ್ಲಿ ಕೂತಿತ್ತು.

ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ಚೌಕಟ್ಟು ಹೇಗೂ ಇದೆ. ಹತ್ತರಲ್ಲಿ ಬಹುತೇಕ ವಿಷಯಗಳಿಗೆ 80 ಅಂಕದ ಲಿಖಿತ ಪರೀಕ್ಷೆ, 20 ಆಂತರಿಕ. ಹೊಸದೇನೂ ಕಟ್ಟಬೇಕಿಲ್ಲ. ಸಮಸ್ಯೆ ಇರುವುದು ಪಂಚಾಂಗದಲ್ಲಿ. ಸಸಿ ನೆಡುವುದು ಜೂನ್-ಜುಲೈ. ಮಳೆಗಾಲ, ಚಳಿಗಾಲ ಪೂರ್ತಿ ಸಸಿ ಹಸಿರಾಗಿಯೇ ಇರುತ್ತದೆ. ಮಾರ್ಚಿನಲ್ಲಿ ಅಂಕ ಹಾಕಿದರೆ ಎಲ್ಲರೂ ಪಾಸು. ಏಪ್ರಿಲ್-ಮೇ ತಿಂಗಳಲ್ಲಿ ಸಸಿಯ ನಿಜವಾದ ಪರೀಕ್ಷೆ, ಆಗ ಶಾಲೆಗೆ ಬೀಗ. ಆದ್ದರಿಂದ ಈ ಒಂದು ವಿಷಯದ ಫಲಿತಾಂಶ ಮಾರ್ಚಿನಲ್ಲಿ ಬರಕೂಡದು. ಶಾಲೆ ಮತ್ತೆ ತೆರೆದ ವಾರದಲ್ಲಿ, ಮಕ್ಕಳು ತಮ್ಮ ಸಸಿಯ ಮುಂದೆ ನಿಂತು ವರದಿ ಒಪ್ಪಿಸಿದ ಮೇಲೆ ಬರಬೇಕು.

ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ಈಚೆಗೆ. ಪಶ್ಚಿಮಕ್ಕೆ ಸವಳಂಗದ ಕಡೆ ಹೋದಂತೆ ಮಲೆನಾಡಿನ ವಾಸನೆ ಮೆಲ್ಲಗೆ ಬರುತ್ತದೆ. ಬೆಳಗುತ್ತಿಯ ಹತ್ತಿರದ ತೀರ್ಥರಾಮೇಶ್ವರ ಬೆಟ್ಟ ಹತ್ತಿದೆವು. ಕಾಲಡಿಯ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿತ್ತು, ಗಂಟಲು ಒಣಗಿತ್ತು. ಅಂಥ ಬೆಟ್ಟದ ಮೇಲೆ ಗುಡಿಯ ಬಳಿ ನೀರು ಜಿನುಗುತ್ತ ಬೀಳುತ್ತಿದೆ! ಮಳೆ ನಿಂತು ತಿಂಗಳುಗಳಾದ ಮೇಲೂ. ಭಕ್ತರಿಗೆ ಅದು ತೀರ್ಥ. ಮೇಷ್ಟ್ರೂ ಮೊದಲು ಕೈಯೊಡ್ಡಿ ತೀರ್ಥ ತಗೊಂಡರು, ಆಮೇಲೆ ಬಾಟಲಿ ತೆಗೆದರು. ಒಂದು ಲೀಟರ್ ತುಂಬಲು ಎಷ್ಟು ಸೆಕೆಂಡು? ಇದೇ ಅಳತೆಯನ್ನು ಅಕ್ಟೋಬರಿನಲ್ಲಿ, ಫೆಬ್ರವರಿಯಲ್ಲಿ, ಮೇ ಕೊನೆಯಲ್ಲಿ ತೆಗೆದು ಗೋಡೆಯ ಮೇಲೆ ರೇಖಾಚಿತ್ರ ಬರೆದಿಟ್ಟರೆ, ಬೆಟ್ಟದ ಹುಲ್ಲೂ ಮರವೂ ಮಳೆಯನ್ನು ಹೇಗೆ ಒಳಗಿಟ್ಟುಕೊಂಡು ತಿಂಗಳುಗಟ್ಟಲೆ ಹನಿ ಹನಿಯಾಗಿ ಕೊಡುತ್ತವೆಂದು ಮಕ್ಕಳೇ ಹೇಳುತ್ತಾರೆ. ಪುಣ್ಯಕ್ಷೇತ್ರದಲ್ಲಿ ಪ್ರಯೋಗವೇ ಎಂದು ಯಾರೂ ತಡೆಯಲಿಲ್ಲ. ಅರ್ಚಕರೇ ಗಡಿಯಾರ ನೋಡಿ ಸೆಕೆಂಡು ಎಣಿಸಿದರು.

ಇದೇ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಜಯಂತಿ ಮುಗಿದು ಹೆಚ್ಚು ದಿನವಾಗಿರಲಿಲ್ಲ. ನಾಡಿನ ಮೂಲೆಮೂಲೆಗಳಿಂದ ಬಂಜಾರರು ಮಾಲೆ ಹಾಕಿ ನಡೆದು ಬರುವ ಜಾಗ ಅದು. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಕಾಡುದಾರಿಗಳನ್ನು ತುಳಿದ ಸಮುದಾಯ. ಎಲ್ಲಿ ನೀರಿದೆ, ಎಲ್ಲಿ ಮೇವಿದೆ ಎಂಬ ನಕ್ಷೆ ತಲೆಯಲ್ಲೇ ಇಟ್ಟುಕೊಂಡಿದ್ದವರು. ತಾಂಡಾದ ಮಕ್ಕಳು ಓದುವ ಶಾಲೆಯಲ್ಲಿ ಗಿಡಗಳ ಪಟ್ಟಿ ಮಾಡುವಾಗ ಲಂಬಾಣಿ ಹೆಸರಿಗೂ ಒಂದು ಕಾಲಂ ಇರಲೇಬೇಕು. ಆ ಕಾಲಂ ತುಂಬಲು ಮಗು ಮನೆಗೆ ಹೋಗಿ ಅಜ್ಜಿಯನ್ನು ಕೇಳಬೇಕಾಗುತ್ತದೆ. ಅಜ್ಜಿಯ ಸಹಿಯೇ ಅದಕ್ಕೆ ಅಂಕ.

ಜಗಳೂರಿಗೆ ಹೊರಟಾಗ ಬಿಸಿಲು ಜೋರಾಗಿತ್ತು. ದಾವಣಗೆರೆ ದಾಟಿ ಪೂರ್ವಕ್ಕೆ ಹೋದಂತೆ ಅಡಿಕೆ ಹಿಂದೆ ಬಿತ್ತು, ಗದ್ದೆ ಹಿಂದೆ ಬಿತ್ತು. ಜಿಲ್ಲೆಯಲ್ಲೇ ಮಳೆ ಕಡಿಮೆ ಬೀಳುವ ತಾಲ್ಲೂಕು. ಬರಪೀಡಿತ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣುವ ಹೆಸರು. ತುಂಗಭದ್ರೆಯ ನೀರು ತಂದು ಇಲ್ಲಿನ 57 ಕೆರೆ ತುಂಬಿಸುವ ಯೋಜನೆಯ ಮಾತು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲೂ ಕಿವಿಗೆ ಬಿತ್ತು. ರಂಗಯ್ಯನದುರ್ಗದ ಗುಡ್ಡಗಳನ್ನು ದೂರದಿಂದ ನೋಡಿದವರು ಬೋಳು ಗುಡ್ಡ ಎಂದುಬಿಡುತ್ತಾರೆ. ಹತ್ತಿರ ಹೋಗಬೇಕು. ಮೊಣಕಾಲೆತ್ತರದ ಹುಲ್ಲು, ಬಂದರಿಕೆ, ಕಾರೆ, ಕವಳೆ, ಬಾರೆಯ ಪೊದೆ, ನಡುನಡುವೆ ಕಗ್ಗಲಿ, ಜಾಲಿ. ಸುಮಾರು 77 ಚದರ ಕಿಲೋಮೀಟರ್‌ನ ಈ ನೆಲವನ್ನು 2011ರಲ್ಲಿ ಕೊಂಡುಕುರಿ ವನ್ಯಧಾಮವೆಂದು ಘೋಷಿಸಿದರು.

ಕೊಂಡುಕುರಿ ಭಾರತ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಗಂಡಿಗೆ ನಾಲ್ಕು ಕೊಂಬು: ಕಿವಿಗಳ ನಡುವೆ ಎರಡು ಉದ್ದನೆಯವು, ಹಣೆಯ ಮುಂದೆ ಎರಡು ಮೋಟು. ಹೆಣ್ಣಿಗೆ ಒಂದೂ ಇಲ್ಲ. ತೂಕ ಇಪ್ಪತ್ತು ಕಿಲೋ ಆಸುಪಾಸು, ಮನೆಯ ಮೇಕೆಯಷ್ಟು. ಹಿಂಡು ಕಟ್ಟುವುದಿಲ್ಲ; ಒಂಟಿ, ಹೆಚ್ಚೆಂದರೆ ಜೋಡಿ. ಆಳು ಕಂಡರೆ ಓಡುವ ಬದಲು ಮೊದಲು ಹುಲ್ಲಿನಲ್ಲಿ ಅಲುಗಾಡದೆ ನಿಲ್ಲುತ್ತದೆ. ನಮಗೆ ಕಾಣಿಸಲಿಲ್ಲ. ಕಾಣಿಸಿದ್ದು ಅದರ ಹಿಕ್ಕೆಯ ಗುಡ್ಡೆ. ಕೊಂಡುಕುರಿಗೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವ ಅಭ್ಯಾಸವಿದೆ. ಹಳೆಯದರ ಮೇಲೆ ಹೊಸದು, ಒಣಗಿದ್ದರ ಮೇಲೆ ಹಸಿ. ಮೇಲಿನ ಪದರದಲ್ಲಿ ಇನ್ನೂ ಹೊಳಪಿತ್ತು. ಎಂದರೆ ಪ್ರಾಣಿ ಇಲ್ಲೇ, ಇವತ್ತೋ ನಿನ್ನೆಯೋ, ಬಹುಶಃ ಈಗಲೂ ಯಾವುದೋ ಪೊದೆಯಿಂದ ನಮ್ಮನ್ನು ನೋಡುತ್ತ! ಮೈ ಜುಮ್ಮೆಂದಿತು. ಮೇಷ್ಟ್ರು ಉಸಿರು ಬಿಗಿಹಿಡಿದು ಹುಲ್ಲನ್ನೇ ನೋಡುತ್ತ ನಿಂತರು. ಹಿಕ್ಕೆಯನ್ನು ಇಷ್ಟು ಭಕ್ತಿಯಿಂದ ನಾನು ಹಿಂದೆಂದೂ ನೋಡಿದ್ದಿಲ್ಲ.

ಇಲ್ಲಿ ಪಠ್ಯಕ್ರಮ ತಲೆಕೆಳಗಾಗುತ್ತದೆ. ಗಿಡ ನೆಡುವುದೇ ಅರಣ್ಯಸೇವೆ ಎಂದು ವನಮಹೋತ್ಸವದ ಭಾಷಣ ಕೇಳಿ ಬೆಳೆದ ಮಗುವಿಗೆ, ಎಲ್ಲಿ ನೆಡಬಾರದು ಎಂಬುದನ್ನು ಜಗಳೂರು ಕಲಿಸಬೇಕು. ಈ ಹುಲ್ಲು ಬೋಳಲ್ಲ, ಇದೇ ಕೊಂಡುಕುರಿಯ ಮನೆ. ಹುಲ್ಲುಗಾವಲಿನ ಮೇಲೆ ಸಾಲಾಗಿ ನೀಲಗಿರಿ ನೆಟ್ಟು ‘ಹಸಿರೀಕರಣ’ ಎನ್ನುವ ಕಾಲ ನಮ್ಮ ನಾಡಿನಲ್ಲಿ ನಡೆದು ಹೋಗಿದೆ. ನೀಲಗಿರಿಗೆ ತಡೆ ಬಿದ್ದದ್ದು 2017ರಲ್ಲಿ. ಒಂದು ಮೀಟರ್ ಚೌಕದ ಸುತಳಿ ಹಾಸಿ ಅದರೊಳಗೆ ಎಷ್ಟು ಬಗೆಯ ಹುಲ್ಲು, ಸೊಪ್ಪು, ಇರುವೆ ಎಂದು ಎಣಿಸಿದ ಮಗು ಅದನ್ನು ‘ಪಾಳು ಭೂಮಿ’ ಎಂದು ಬರೆಯಲಾರದು. ನಾವು ಹಾಸಿ ನೋಡಿದೆವು. ಒಣ ಫೆಬ್ರವರಿಯಲ್ಲೂ ಎಣಿಕೆ ಬೇಗ ಮುಗಿಯಲಿಲ್ಲ.

ಹೊನ್ನಾಳಿಯಲ್ಲಿ ಸರಿಕಂಡ ಅಂಕದ ಲೆಕ್ಕ ಎಡವಿದ್ದೂ ಇಲ್ಲಿಯೇ. ಸಸಿ ಬದುಕಿದ್ದಕ್ಕೆ ಅಂಕ ಎಂದರೆ ಚನ್ನಗಿರಿಯ ಮಗುವಿಗೆ ನೂರಕ್ಕೆ ತೊಂಬತ್ತು, ಜಗಳೂರಿನ ಮಗುವಿಗೆ ಮೂವತ್ತು. ಮಳೆರಾಯನ ತಪ್ಪಿಗೆ ಮಗು ಫೇಲಾಗಬೇಕೆ? ಅದಕ್ಕಿಂತ ಕೆಡುಕು ಇನ್ನೊಂದಿದೆ. ಬದುಕಿದ್ದಕ್ಕೆ ಮಾತ್ರ ಅಂಕ ಎಂದ ಕೂಡಲೇ ಸತ್ತ ಸಸಿಯ ಗುಂಡಿಯಲ್ಲಿ ರಾತ್ರೋರಾತ್ರಿ ಹೊಸ ಸಸಿ ಕೂರುತ್ತದೆ, ಕಡತದಲ್ಲಿ ಎಲ್ಲವೂ ಜೀವಂತ. ದೊಡ್ಡವರ ಕಡತಗಳಲ್ಲಿ ಇದನ್ನು ನೋಡಿ ನಮಗೆ ಅಭ್ಯಾಸವಾಗಿದೆ. ಮಕ್ಕಳಿಗೆ ಕಲಿಸುವುದು ಬೇಡ.

ಒಂದು ಶಾಲೆಯ ಅಂಗಳದಲ್ಲಿ ಹುಡುಗನೊಬ್ಬ ತನ್ನ ಬೇವಿನ ಸಸಿ ಒಣಗಿದ ಕಥೆ ಹೇಳಿದ. ರಜೆಯಲ್ಲಿ ದಿನ ಬಿಟ್ಟು ದಿನ ನೀರು ಹಾಕಿದ್ದನಂತೆ, ಆದರೂ ಒಣಗಿತು. ಕಿತ್ತು ನೋಡಿದಾಗ ಬೇರು ಸುರುಳಿ ಸುತ್ತಿಕೊಂಡು ಮುದ್ದೆಯಾಗಿತ್ತಂತೆ. “ಪ್ಲಾಸ್ಟಿಕ್ ಚೀಲ್ದಾಗೆ ಭಾಳ ದಿನ ಇತ್ತು ಸರ್ ಅದು. ಬೇರು ಕೆಳಗೆ ಹೋಗೇ ಇಲ್ಲ. ಈ ಸಲ ಬೀಜನೇ ನೆಲಕ್ಕೆ ಹಾಕ್ತೀನಿ.” ನರ್ಸರಿ ವಿಜ್ಞಾನದ ಒಂದು ಅಧ್ಯಾಯವನ್ನು ಅವನು ಸತ್ತ ಸಸಿಯಿಂದ ಓದಿಕೊಂಡಿದ್ದ. ಬೇವಿನ ಬೀಜಕ್ಕೆ ಹಣ್ಣಾದ ಕೆಲವು ವಾರಗಳಷ್ಟೇ ಜೀವ ಎಂಬುದನ್ನು ಮೇಷ್ಟ್ರು ಅವನಿಗೆ ಹೇಳಿದರು. ಶಾಲೆ ತೆರೆಯುವ ಹೊತ್ತಿಗೇ ಹಣ್ಣು ಉದುರುತ್ತದೆ, ಆಗಲೇ ಆರಿಸಿ ಹಾಕು ಎಂದರು. ಇವನಿಗೆ ಹತ್ತಕ್ಕೆ ಹತ್ತು. ಹಚ್ಚಗೆ ನಿಂತ ಸಸಿಯ ಪಕ್ಕದಲ್ಲಿ ನಿಂತು, ಏಕೆ ಬದುಕಿತು ಎಂದರೆ ಬಾಯಿ ಬಿಡದವನಿಗೆ ನಾಲ್ಕು.

ಹಾಗಾಗಿ ನಮ್ಮ ಕರಡಿನಲ್ಲಿ ಅಂಕಪಟ್ಟಿ ಹೀಗೆ ನಿಂತಿತು: ಅರ್ಧ ಅಂಕ ಮೂರು ವರ್ಷದ ದಿನಚರಿಗೆ, ಅದರಲ್ಲೂ ತಪ್ಪಿದ್ದನ್ನು, ಸತ್ತಿದ್ದನ್ನು ಮುಚ್ಚಿಡದೆ ಬರೆದದ್ದಕ್ಕೆ. ಕಾಲು ಭಾಗ ಮರದ ಮುಂದೆ ನಿಂತು ಕೊಡುವ ಮೌಖಿಕ ಪರೀಕ್ಷೆಗೆ. ಉಳಿದ ಕಾಲು ಭಾಗ ಅಳತೆಗೆ: ಸುತ್ತಳತೆ, ಎತ್ತರ, ಹೂಳು, ಹರಿವು. ಪ್ರಶ್ನೆಪತ್ರಿಕೆ ಬೆಂಗಳೂರಿನಿಂದ ಬರಕೂಡದು, ದಾವಣಗೆರೆಯಿಂದಲೂ ಬರಕೂಡದು. ಚನ್ನಗಿರಿಗೆ ಕಾಡು ಮತ್ತು ಕೆರೆ, ಹೊನ್ನಾಳಿಗೆ ಬದು ಮತ್ತು ಹೊಳೆ, ನ್ಯಾಮತಿಗೆ ಬೆಟ್ಟ ಮತ್ತು ಊಟೆ, ಜಗಳೂರಿಗೆ ಹುಲ್ಲು. ಪರೀಕ್ಷಕರಲ್ಲಿ ಒಬ್ಬರು ಶಾಲೆಯವರು, ಒಬ್ಬರು ಊರವರು.

ಊರವರಿಗೆ ಏನು ಗೊತ್ತು ಎಂದು ಮೂಗು ಮುರಿಯುವವರು ತುಳಸಿ ಗೌಡರನ್ನು ನೆನಪಿಸಿಕೊಳ್ಳಲಿ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿ, ಯಾವ ತಾಯಿಮರದಿಂದ ಯಾವಾಗ ಬೀಜ ಆರಿಸಬೇಕೆಂಬುದರಲ್ಲಿ ಅಧಿಕಾರಿಗಳಿಗೇ ಗುರುವಾದರು. 2020ರಲ್ಲಿ ಪದ್ಮಶ್ರೀ ಬಂತು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ನಾವು ಬರೆಯುವ ಯಾವ ಮೌಲ್ಯಮಾಪನ ಪದ್ಧತಿಯಲ್ಲಿ ಅವರು ಪಾಸಾಗುತ್ತಿದ್ದರು ಎಂದು ಕೇಳಿಕೊಂಡರೆ ಪದ್ಧತಿಯ ಬೆಲೆ ತಿಳಿಯುತ್ತದೆ. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ಯುವುದು ಕನ್ನಡಕ್ಕೆ ಹೊಸತೂ ಅಲ್ಲ. ಸಸ್ಯಶಾಸ್ತ್ರದ ಮೇಷ್ಟ್ರು ಬಿ.ಜಿ.ಎಲ್. ಸ್ವಾಮಿ ತಮ್ಮ ಶಿಷ್ಯರೊಡನೆ ಕಾಡು ಅಲೆದ ಕಥನ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅವರು ಕರೆದೊಯ್ದದ್ದು ಕಾಲೇಜಿನವರನ್ನು. ನಾವು ಕೇಳುತ್ತಿರುವುದು ಹೈಸ್ಕೂಲಿನವರಿಗೆ.

ಹೊಸ ಪಠ್ಯಕ್ರಮ ಮಂಜೂರಾಗುವವರೆಗೆ ಕಾಯಬೇಕಾಗಿಲ್ಲ ಎಂಬುದು ಈ ನಾಲ್ಕು ತಾಲ್ಲೂಕುಗಳ ಶಿಕ್ಷಕರಿಗೆ ನನ್ನ ಮಾತು. ಗ್ರಾಮೀಣ ಪ್ರೌಢಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯಲು ಅರಣ್ಯ ಇಲಾಖೆಯದೇ ‘ಚಿಣ್ಣರ ವನ ದರ್ಶನ’ ಎಂಬ ಕಾರ್ಯಕ್ರಮವಿದೆ. ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ನಿಮ್ಮ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಒಂದು ಪತ್ರ ಬರೆಯಿರಿ. ಎಂಟನೇ ತರಗತಿಯ ಪ್ರತಿ ಮಗುವಿಗೆ ಒಂದು ಇನ್ನೂರು ಪುಟದ ನೋಟುಪುಸ್ತಕ ಕೊಡಿಸಿ, ಮೊದಲ ಪುಟದಲ್ಲಿ ಒಂದು ಮರದ ಹೆಸರು, ಅದರ ಸುತ್ತಳತೆ, ಅಳೆದ ತಾರೀಕು ಬರೆಸಿ. ಅದೇ ಪುಸ್ತಕವನ್ನು ಆ ಮಗು ಹತ್ತನೇ ತರಗತಿಗೂ ತರಲಿ.